ದೂರ ಇಟ್ಟು ಬೆಸೆಯುವ ವಿದ್ಯೆ: ಅರ್ತವಾಜ್ದ್ ಪೆಲೆಶಿಯಾನ್ ಸಿನಿಮಾ

ಹೊಳೆ ಉಕ್ಕಿ ಹರಿಯುತ್ತಿದೆ. ನೊರೆಯ ನಡುವೆ ಒಬ್ಬ ಕುರಿಗಾಹಿ, ಅವನ ತೋಳಲ್ಲಿ ಒಂದು ಕುರಿ. ಅವನು ಕುರಿಯನ್ನು ದಡ ಸೇರಿಸುತ್ತಿದ್ದಾನೋ, ಕುರಿಯನ್ನು ಹಿಡಿದುಕೊಂಡು ತಾನೇ ತೇಲುತ್ತಿದ್ದಾನೋ ಹೇಳುವುದು ಕಷ್ಟ. ನೀರು ಇಬ್ಬರನ್ನೂ ಉರುಳಿಸುತ್ತದೆ, ಮುಳುಗಿಸುತ್ತದೆ, ಮತ್ತೆ ಮೇಲಕ್ಕೆ ಎತ್ತಿ ಒಗೆಯುತ್ತದೆ. ಯಾರಿವನು, ಯಾವ ಊರಿನವನು, ಈ ಮಳೆಗಾಲದ ರಭಸದಲ್ಲಿ ಯಾಕೆ ಇಳಿದ? ಒಂದಕ್ಕೂ ಉತ್ತರವಿಲ್ಲ. ನಿರೂಪಕನ ದನಿಯಿಲ್ಲ, ಸಂದರ್ಶನವಿಲ್ಲ, ಊರಿನ ಹೆಸರು ಹೇಳುವ ಬರಹವೂ ಇಲ್ಲ.

ಇದು ಅರ್ಮೇನಿಯಾದ ಅರ್ತವಾಜ್ದ್ ಪೆಲೆಶಿಯಾನ್ 1975ರಲ್ಲಿ ಹೊರತಂದ ‘ಋತುಗಳು’ ಚಿತ್ರದ ಆರಂಭ. ಒಟ್ಟು ಸುಮಾರು 29 ನಿಮಿಷ, ಕಪ್ಪು-ಬಿಳುಪು. ಹೊಳೆಯ ಆ ದೃಶ್ಯ ಅಷ್ಟಕ್ಕೇ ಮುಗಿಯುವುದಿಲ್ಲ. ನಡುವೆ ಹುಲ್ಲಿನ ಕೊಯ್ಲು ಬರುತ್ತದೆ. ಕಡಿದಾದ ಇಳಿಜಾರಿನಲ್ಲಿ ಆಳೆತ್ತರ ಮೀರಿದ ಹುಲ್ಲಿನ ರಾಶಿ ಜಾರುತ್ತದೆ, ಅದರ ವೇಗ ತಡೆಯಲು ಗಂಡಸರು ಹಿಮ್ಮಡಿ ಊರಿ ಓಡುತ್ತಾರೆ. ಸುರಂಗದ ಕತ್ತಲಲ್ಲಿ ಕುರಿ ಮಂದೆಯೂ ವಾಹನಗಳ ದೀಪವೂ ಬೆರೆಯುತ್ತವೆ. ಮದುವೆಯಾಗುತ್ತದೆ. ಹಿಮ ಬೀಳುತ್ತದೆ. ಹಿಮದ ಇಳಿಜಾರಿನಲ್ಲಿ ಕುರಿಗಳನ್ನು ಅಪ್ಪಿಕೊಂಡ ಗಂಡಸರು ಬೆನ್ನ ಮೇಲೆ ಸರ್ರನೆ ಜಾರುತ್ತಾರೆ. ಇಷ್ಟೆಲ್ಲ ನೋಡಿದ ಕಣ್ಣಿಗೆ ನೀರಿನಲ್ಲಿ ಉರುಳುವ ಮನುಷ್ಯ ಮತ್ತು ಕುರಿ ಮತ್ತೆ ಕಂಡಾಗ ಅದು ಮೊದಲು ಕಂಡ ದೃಶ್ಯವಾಗಿ ಉಳಿದಿರುವುದಿಲ್ಲ. ಆಗ ಅದು ಅಪಘಾತದಂತೆ ಕಂಡಿತ್ತು. ಈಗ ಅದೊಂದು ಕಸುಬು, ವರ್ಷವರ್ಷವೂ ಬರುವ ಪಾಳಿ. ಒಂದೇ ಒಂದು ಫ್ರೇಮನ್ನೂ ಬದಲಿಸದೆ ದೃಶ್ಯದ ಅರ್ಥವನ್ನು ಬದಲಿಸುವುದು ಹೇಗೆ ಎಂಬುದೇ ಪೆಲೆಶಿಯಾನ್ ಜೀವಮಾನವಿಡೀ ಬಿಡಿಸಿದ ಲೆಕ್ಕ.

ಅವರು ಇದನ್ನು ‘ದೂರದ ಮೊಂತಾಜ್’ ಎಂದು ಕರೆದರು. ಮೊಂತಾಜ್ ಎಂದರೆ ಅರ್ಥ ಹುಟ್ಟುವಂತೆ ಶಾಟ್‌ಗಳನ್ನು ಜೋಡಿಸುವ ಬಗೆ. 1971–72ರಲ್ಲಿ ಅದರ ಬಗ್ಗೆ ದೀರ್ಘ ಲೇಖನವನ್ನೂ ಬರೆದರು. ಸಿನಿಮಾ ಸಿದ್ಧಾಂತ ಎಂದೊಡನೆ ಪುಟ ಮಡಚುವವರೂ ಧೈರ್ಯವಾಗಿ ಓದಬಹುದಾದ ಬರಹ ಅದು. ಅದರಲ್ಲಿ ಎಡಿಟಿಂಗ್ ಮೇಜಿನ ಮುಂದೆ ಕೂತವನ ಬೆರಳಿನ ಕಲೆ ಇದೆ.

ಸೋವಿಯತ್ ಸಿನಿಮಾ ಆವರೆಗೆ ಕಲಿಸಿದ್ದ ಪಾಠ ಇಷ್ಟು: ಎರಡು ಶಾಟ್‌ಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಎರಡರಲ್ಲೂ ಇಲ್ಲದ ಮೂರನೆಯ ಅರ್ಥ ಹುಟ್ಟುತ್ತದೆ. ಲೆವ್ ಕುಲೆಶೋವ್ ಒಬ್ಬ ನಟನ ನಿರ್ಭಾವದ ಮುಖದ ಪಕ್ಕ ಸೂಪಿನ ಬಟ್ಟಲು, ಶವಪೆಟ್ಟಿಗೆ ಇತ್ಯಾದಿ ಇಟ್ಟು ತೋರಿಸಿದ್ದೂ ಇದನ್ನೇ, ಐಸೆನ್‌ಸ್ಟೈನ್ ಶಾಟ್‌ಗೆ ಶಾಟ್ ಡಿಕ್ಕಿ ಹೊಡೆಯಬೇಕೆಂಬ ಸಿದ್ಧಾಂತ ಕಟ್ಟಿದ್ದೂ ಇದರ ಮೇಲೆಯೇ. ಜಿಗಾ ವೆರ್ತೋವ್ ಒಂದು ಶಾಟ್‌ನಿಂದ ಮುಂದಿನ ಶಾಟ್‌ಗೆ ಚಲನೆ ಹೇಗೆ ಜಿಗಿಯುತ್ತದೆ ಎಂದು ನೋಡಿದರು. ಮೂವರ ಕಣ್ಣೂ ಇದ್ದದ್ದು ಎರಡು ಶಾಟ್‌ಗಳನ್ನು ಅಂಟಿಸುವ ಜಾಗದ ಮೇಲೆ. ಪೆಲೆಶಿಯಾನ್ ಅದನ್ನು ತಿರುವಿ ಹಾಕಿದರು. ಮುಖ್ಯವಾದ ಎರಡು ಶಾಟ್‌ಗಳು ಸಿಕ್ಕರೆ ಅವನ್ನು ಪಕ್ಕಪಕ್ಕ ತರಬೇಡ, ಆದಷ್ಟು ದೂರ ಇಡು, ಮಧ್ಯೆ ಇನ್ನೇನೇನೋ ಹರಿಯಲಿ, ಆ ಹರಿವನ್ನು ದಾಟಿ ಅವು ಒಂದನ್ನೊಂದು ಕರೆಯಲಿ ಎಂದರು. ಅಂಟಿನ ಜಾಗಕ್ಕಿಂತ ನಡುವಿನ ದೂರವೇ ಕೆಲಸ ಮಾಡುತ್ತದೆ ಎಂಬುದು ಅವರ ವಾದ.

ಕೇಳಿದ ಕೂಡಲೇ ನಮಗೆ ಪಲ್ಲವಿ ನೆನಪಾಗುತ್ತದೆ. ಹೋಲಿಕೆ ಸ್ವಲ್ಪ ದೂರ ಮಾತ್ರ ನಡೆಯುತ್ತದೆ. ಪಲ್ಲವಿ ಪ್ರತಿ ಚರಣದ ನಂತರವೂ ಬಂದೇ ಬರುತ್ತದೆ ಎಂದು ಕೇಳುಗನಿಗೆ ಗೊತ್ತು, ಅವನು ಕಾದಿರುತ್ತಾನೆ. ಪೆಲೆಶಿಯಾನ್ ಶಾಟ್ ಯಾವಾಗ ಮರಳುತ್ತದೆ, ಮರಳುತ್ತದೋ ಇಲ್ಲವೋ ಎಂಬ ಸುಳಿವೇ ಇರುವುದಿಲ್ಲ. ನೆರವಲ್ ಹೆಚ್ಚು ಹತ್ತಿರದ ಹೋಲಿಕೆ. ಸಾಹಿತ್ಯದ ಒಂದೇ ಸಾಲನ್ನು ಗಾಯಕ ಹತ್ತು ಕಡೆಯಿಂದ ಎತ್ತಿಕೊಂಡು ಬರುತ್ತಾನೆ, ಮಾತು ಅದೇ, ಅದನ್ನು ಸುತ್ತುವ ಸ್ವರ ಬೇರೆ. ಹತ್ತನೇ ಸಲಕ್ಕೆ ಆ ಮಾತಿನ ತೂಕವೇ ಬೇರೆಯಾಗಿರುತ್ತದೆ.

ಈ ವಿದ್ಯೆ ಮೊದಲು ಪೂರ್ತಿಯಾಗಿ ಕೈಗೆ ಹತ್ತಿದ್ದು ‘ನಾವು’ ಎಂಬ ಚಿತ್ರದಲ್ಲಿ, 1969. ಅರ್ಮೇನಿಯನ್ ಭಾಷೆಯಲ್ಲಿ ಅದರ ಹೆಸರು ‘ಮೆಂಕ್’. ಅರ್ಧ ಗಂಟೆಯೊಳಗಿನ ಚಿತ್ರ. ಆರಂಭದಲ್ಲಿ ಒಂದು ಹುಡುಗಿಯ ಮುಖ. ಕೆದರಿದ ಕೂದಲು, ನೆಟ್ಟ ನೋಟ. ಅವಳು ನೋಡುತ್ತಿರುವುದೇನು ಎಂದು ತೋರಿಸುವ ಮುಂದಿನ ಶಾಟ್ ಬರುವುದೇ ಇಲ್ಲ. ಸಾಮಾನ್ಯ ಸಿನಿಮಾದಲ್ಲಿ ನೋಟದ ಹಿಂದೆಯೇ ನೋಡಿದ ವಸ್ತು ಬರಬೇಕು. ಇಲ್ಲಿ ಆ ಸಾಲ ತೀರಿಸದೆ ಚಿತ್ರ ಮುಂದೆ ಹೋಗುತ್ತದೆ. ಪರ್ವತ, ಸಿಡಿಯುವ ಬಂಡೆ, ಬೀದಿ ತುಂಬಿದ ಶವಯಾತ್ರೆ, ಕೈಗಳ ಕಡಲು, ದುಡಿಯುವ ಬೆನ್ನುಗಳು, ವರ್ಷಗಟ್ಟಲೆ ಅಗಲಿದ್ದವರು ಅಪ್ಪಿಕೊಂಡು ಅಳುವ ದೃಶ್ಯಗಳು. ಬಹಳ ಹೊತ್ತಿನ ನಂತರ ಹುಡುಗಿ ಮತ್ತೆ ಬರುತ್ತಾಳೆ. ಅಷ್ಟರಲ್ಲಿ ಅವಳು ನೋಡಿದ್ದೇನು ಎಂಬುದು ನಮಗೆ ಗೊತ್ತಾಗಿರುತ್ತದೆ: ಇದೆಲ್ಲವನ್ನೂ. ಅವಳ ಮುಖ ಮತ್ತು ಅವಳ ಮುಖದ ನಡುವಿನ ಇಡೀ ಚಿತ್ರವೇ ಆ ನೋಟದ ಗುರಿ.

ಆ ಪರ್ವತದ ಬಗ್ಗೆ ಎರಡು ಮಾತು ಹೇಳದಿದ್ದರೆ ಚಿತ್ರದ ಅರ್ಧ ಭಾರ ಕೈಬಿಟ್ಟುಹೋಗುತ್ತದೆ. 5,137 ಮೀಟರ್ ಎತ್ತರದ ಅರಾರಾತ್ ಅರ್ಮೇನಿಯಾದ ರಾಜಧಾನಿ ಯೆರೆವಾನ್ ನಗರದ ಬೀದಿಗಳಿಂದಲೇ ಕಾಣುತ್ತದೆ. ಅರ್ಮೇನಿಯಾದ ಲಾಂಛನದಲ್ಲಿ ಅದೇ ಇದೆ. ಆದರೆ 1921ರ ಕಾರ್ಸ್ ಒಪ್ಪಂದದ ಗಡಿಯಾಚೆ, ಟರ್ಕಿಯಲ್ಲಿದೆ. ದಿನಾ ಕಾಣುವ, ಕಾಲಿಡಲಾಗದ ಬೆಟ್ಟ. 1915ರಲ್ಲಿ ಒಟ್ಟೋಮನ್ ತುರ್ಕರು ಅರ್ಮೇನಿಯನ್ನರ ಮೇಲೆ ನಡೆಸಿದ ನರಮೇಧದಲ್ಲಿ ಊರು ಕಳೆದುಕೊಂಡ ಕುಟುಂಬಗಳ ಮಕ್ಕಳು ಮೊಮ್ಮಕ್ಕಳು ಆ ನಗರದಲ್ಲಿ ಬದುಕುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ಹೊರದೇಶಗಳಿಂದ ಸಾವಿರಾರು ಅರ್ಮೇನಿಯನ್ನರು ಮರಳಿ ಬಂದಿದ್ದರು. 1965ರ ಏಪ್ರಿಲ್ 24ರಂದು, ನರಮೇಧದ ಐವತ್ತನೇ ವರ್ಷಕ್ಕೆ, ಯೆರೆವಾನ್ ಬೀದಿಗಳಲ್ಲಿ ಸೋವಿಯತ್ ಕಾಲದಲ್ಲಿ ಅಪರೂಪವಾದ ದೊಡ್ಡ ಮೆರವಣಿಗೆ ನಡೆದಿತ್ತು. ಇದಾಗಿ ನಾಲ್ಕೇ ವರ್ಷಕ್ಕೆ ಬಂದ ಚಿತ್ರ ಒಂದು ಮಾತನ್ನೂ ಆಡದೆ ಬೆಟ್ಟವನ್ನು ತೋರಿಸುತ್ತದೆ, ಮತ್ತೆ ತೋರಿಸುತ್ತದೆ. ನಿರೂಪಣೆ ಬರೆದಿದ್ದರೆ ಸೆನ್ಸಾರ್‌ನವರಿಗೆ ಕೆಂಪು ಪೆನ್ಸಿಲ್ ಆಡಿಸಲು ಸಾಲುಗಳು ಸಿಗುತ್ತಿದ್ದವು. ಬೆಟ್ಟದ ಕೆಳಗೆ ಯಾವ ಗೆರೆ ಎಳೆಯುವುದು? 1970ರಲ್ಲಿ ಈ ಚಿತ್ರಕ್ಕೆ ಜರ್ಮನಿಯ ಓಬರ್‌ಹೌಸನ್ ಕಿರುಚಿತ್ರೋತ್ಸವದಲ್ಲಿ ಬಹುಮಾನ ಬಂತು.

ಪೆಲೆಶಿಯಾನ್ ಹುಟ್ಟಿದ್ದು 1938ರ ನವೆಂಬರ್ 22ರಂದು ಲೆನಿನಾಕಾನ್‌ನಲ್ಲಿ, ಈಗಿನ ಗ್ಯುಮ್ರಿ. 1963ರಿಂದ 1968ರವರೆಗೆ ಮಾಸ್ಕೋದ ಸರಕಾರಿ ಸಿನಿಮಾ ಶಾಲೆ ವಿಜಿಐಕೆಯಲ್ಲಿ ಓದು. ಅಲ್ಲಿದ್ದಾಗಲೇ ‘ಪರ್ವತ ಗಸ್ತು’ (1964), ‘ಜನರ ಭೂಮಿ’ (1966), ‘ಆರಂಭ’ (1967) ಎಂಬ ಹತ್ತು ನಿಮಿಷದ ಆಸುಪಾಸಿನ ಚಿತ್ರಗಳು. ‘ಜನರ ಭೂಮಿ’ಯ ಎರಡು ತುದಿಗಳಲ್ಲೂ ರೊಡಾನ್‌ನ ‘ಚಿಂತಕ’ ಶಿಲ್ಪವಿದೆ. ಚೌಕಟ್ಟು ಹಾಕುವ ಈ ಜಾಣ್ಮೆ ವಿದ್ಯಾರ್ಥಿಯದು, ಅರ್ಥ ಹಿಗ್ಗುವ ಬದಲು ಬಾಗಿಲು ಮುಚ್ಚುತ್ತದೆ. 1917ರ ಅಕ್ಟೋಬರ್ ಕ್ರಾಂತಿಯ ಐವತ್ತನೇ ವರ್ಷಕ್ಕೆ ಮಾಡಿದ ‘ಆರಂಭ’ದಲ್ಲಿ ಕೈ ಪಳಗಿದೆ. ಹಳೆಯ ಸುದ್ದಿಚಿತ್ರಗಳ ಓಡುವ ಜನಸಮೂಹ, ಗುಂಡಿನ ಸದ್ದು, ಗೆಯೋರ್ಗಿ ಸ್ವಿರಿದೋವ್ ಸಂಗೀತ. ಜನ ಓಡುತ್ತಾರೆ, ನಿಲ್ಲುತ್ತಾರೆ, ಮತ್ತೆ ಓಡುತ್ತಾರೆ. ಯಾವ ದಿಕ್ಕಿಗೆ ಎಂದು ಕೇಳುವಷ್ಟರಲ್ಲಿ ಓಟವೇ ವಿಷಯ ಎಂದು ತಿಳಿಯುತ್ತದೆ. ವಾರ್ಷಿಕೋತ್ಸವದ ಚಿತ್ರವೊಂದು ಜೈಕಾರ ಕೂಗದೆ ಪಾರಾಗಿದ್ದು ಹೀಗೆ.

1970ರ ‘ನಿವಾಸಿಗಳು’ ಮಿನ್ಸ್ಕ್‌ನ ಬೆಲಾರೂಸ್‌ಫಿಲ್ಮ್ ಸ್ಟುಡಿಯೋದಲ್ಲಿ ತಯಾರಾಯಿತು. ಪ್ರಾಣಿಪಕ್ಷಿಗಳ ಓಟ, ಹಾರಾಟ, ದಿಗಿಲು. ಮನುಷ್ಯ ಅದರಲ್ಲಿ ನೆರಳಿನ ಆಕೃತಿ ಮಾತ್ರ. ‘ಋತುಗಳು’ ಚಿತ್ರಕ್ಕೆ ಕ್ಯಾಮೆರಾ ಹಿಡಿದದ್ದು ಗೆಳೆಯ ಮಿಖಾಯಿಲ್ ವರ್ತಾನೋವ್. ಆಂದ್ರೇ ಕೊಂಚಲೋವ್ಸ್ಕಿಯ ‘ಸಿಬೀರಿಯಾದ್’ (1979) ಎಂಬ ದೊಡ್ಡ ಕಥಾಚಿತ್ರದಲ್ಲಿ ದಶಕದಿಂದ ದಶಕಕ್ಕೆ ಕೊಂಡೊಯ್ಯುವ ಹಳೆಯ ತುಣುಕುಗಳ ಜೋಡಣೆಯೂ ಪೆಲೆಶಿಯಾನ್‌ರದೇ. 1982ರಲ್ಲಿ ಐವತ್ತು ನಿಮಿಷದ ‘ನಮ್ಮ ಶತಮಾನ’ ಬಂತು. ರಾಕೆಟ್ಟು ಏರಲು ಕಾದಿರುವ ಗಗನಯಾತ್ರಿಗಳು, ರೆಕ್ಕೆ ಕಟ್ಟಿಕೊಂಡು ಬಿದ್ದ ಹಳೆಯ ಕಾಲದ ಹಾರಾಟಗಾರರು, ವೇಗದ ಒತ್ತಡಕ್ಕೆ ಕೆನ್ನೆ ಜೋತು ವಿಕಾರಗೊಂಡ ಮುಖಗಳು. ಆಮೇಲೆ ‘ಅಂತ್ಯ’ (1992) ಮತ್ತು ‘ಬದುಕು’ (1993), ಎರಡೂ ಹತ್ತು ನಿಮಿಷದೊಳಗಿನವು. 1964ರಿಂದ 1993ರವರೆಗಿನ ಸ್ವಂತ ಚಿತ್ರಗಳನ್ನೆಲ್ಲ ಒಂದರ ಹಿಂದೆ ಒಂದು ಹಾಕಿದರೂ ಮೂರು ಗಂಟೆ ತುಂಬುವುದಿಲ್ಲ. ನಮ್ಮ ಒಂದು ಹಬ್ಬದ ಸಿನಿಮಾದಷ್ಟು.

ಹೊರಜಗತ್ತಿಗೆ ಇವರ ಸುದ್ದಿ ಮುಟ್ಟಿದ್ದು ತಡವಾಗಿ. ಫ್ರೆಂಚ್ ವಿಮರ್ಶಕ ಸೆರ್ಜ್ ದನೇ 1983ರಲ್ಲಿ ಯೆರೆವಾನ್‌ಗೆ ಹೋಗಿ ‘ಲಿಬೆರಾಸಿಯೋಂ’ ಪತ್ರಿಕೆಗೆ ಬರೆದರು. 1992ರಲ್ಲಿ ‘ಲ ಮೊಂದ್’ ಪತ್ರಿಕೆಯಲ್ಲಿ ಪೆಲೆಶಿಯಾನ್ ಮತ್ತು ಚಿತ್ರನಿರ್ದೇಶಕ ಗೊದಾರ್ ಸಂಭಾಷಣೆ ಪ್ರಕಟವಾಯಿತು. ಬಾಬೆಲ್ ಗೋಪುರ ಮುರಿದು ಭಾಷೆಗಳು ಒಡೆಯುವ ಮೊದಲಿನ ಭಾಷೆ ಎಂಬುದು ಅದರ ತಲೆಬರಹದ ಭಾವ. ಮಾತಿಲ್ಲದ ಚಿತ್ರಗಳಿಗೆ ಅದು ಒಪ್ಪುವ ಮಾತೇ.

ಇನ್ನು ಕೈಕೆಲಸಕ್ಕೆ ಬರೋಣ, ಏಕೆಂದರೆ ಈ ಚಿತ್ರಗಳ ಬಗ್ಗೆ ಬರೆಯುವವರು ಬೇಗ ಬ್ರಹ್ಮಾಂಡ, ಲಯ, ಕಾಲ ಎಂದು ತೇಲಿಹೋಗುತ್ತಾರೆ.

35 ಎಂಎಂ ಫಿಲ್ಮ್ ಸೆಕೆಂಡಿಗೆ 24 ಫ್ರೇಮ್ ಓಡುವಾಗ ನಿಮಿಷಕ್ಕೆ ಸುಮಾರು 27.4 ಮೀಟರ್ ಸರಿಯುತ್ತದೆ. ‘ಋತುಗಳು’ ಎಂದರೆ ಹತ್ತಿರ ಹತ್ತಿರ 800 ಮೀಟರ್ ಫಿಲ್ಮ್. ಒಂದು ರೀಲಿಗೆ 300 ಮೀಟರ್ ಹಿಡಿದರೆ ಹನ್ನೊಂದು ನಿಮಿಷ, ಅಂದರೆ ಚಿತ್ರ ಮೂರು ರೀಲುಗಳಲ್ಲಿ ಹಂಚಿಹೋಗಿರುತ್ತದೆ. ದೂರದ ಮೊಂತಾಜ್‌ನ ಎರಡು ತುದಿಗಳು ಬೇರೆ ಬೇರೆ ಡಬ್ಬಗಳಲ್ಲಿ ಇರುತ್ತವೆ! ಸಂಕಲನಕಾರ ಅವನ್ನು ಒಟ್ಟಿಗೆ ಮೇಜಿನ ಮೇಲೆ ನೋಡುವಂತೆಯೇ ಇರಲಿಲ್ಲ. ಮೊದಲನೆಯದನ್ನು ತಲೆಯಲ್ಲಿ ಹೊತ್ತುಕೊಂಡೇ ಎರಡನೆಯದನ್ನು ಕತ್ತರಿಸಬೇಕಿತ್ತು. ಪ್ರೇಕ್ಷಕನ ಸ್ಥಿತಿಯೂ ಅದೇ ಅಲ್ಲವೇ? ಉಪಕರಣದ ಈ ಇಕ್ಕಟ್ಟು ಸಿದ್ಧಾಂತಕ್ಕೆ ಒದಗಿಬಂದಿದೆ ಎಂದೇ ನನಗೆ ಅನಿಸುತ್ತದೆ.

ಇನ್ನೊಂದು ತೊಡಕು. ಕ್ಯಾಮೆರಾದಿಂದ ಬಂದ ನೆಗೆಟಿವ್ ಒಂದೇ ಒಂದು. ಅದೇ ಶಾಟ್ ಎರಡು ಕಡೆ ಬೇಕೆಂದರೆ ನೆಗೆಟಿವ್‌ನಿಂದ ಪಾಸಿಟಿವ್ ಅಚ್ಚು ಹಾಕಿ, ಅದರಿಂದ ಮತ್ತೊಂದು ನೆಗೆಟಿವ್ ತೆಗೆಯಬೇಕು. ಪ್ರತಿ ಹಂತದಲ್ಲೂ ಕಾಳು, ಅಂದರೆ ಚಿತ್ರ ಮೂಡಿಸುವ ಸಣ್ಣ ಚುಕ್ಕೆಗಳು, ಒರಟಾಗುತ್ತದೆ, ಕಪ್ಪು-ಬಿಳುಪಿನ ವ್ಯತ್ಯಾಸ ಬಿರುಸಾಗುತ್ತದೆ, ನಡುವಿನ ಬೂದು ಛಾಯೆಗಳು ಕರಗುತ್ತವೆ. ಮೊದಲ ಸಲ ಮೂಲ ನೆಗೆಟಿವ್, ಎರಡನೇ ಸಲ ನಕಲು ಬಳಸಿದರೆ ಪ್ರೇಕ್ಷಕನ ಕಣ್ಣು ಅರ್ಥದ ಬದಲಾವಣೆಗಿಂತ ಮೊದಲು ಗುಣಮಟ್ಟದ ಕುಸಿತವನ್ನು ಹಿಡಿಯುತ್ತದೆ. ಉಪಾಯ ಒಂದೇ: ಎರಡನ್ನೂ ನಕಲಿನ ಹಾದಿಯಲ್ಲೇ ತರುವುದು. ಹಳೆಯ ಸುದ್ದಿಚಿತ್ರವನ್ನೂ ಹೊಸ ಚಿತ್ರೀಕರಣವನ್ನೂ ಬೆರೆಸುವಾಗ ಇದರಿಂದ ಇನ್ನೊಂದು ಲಾಭ. ಎಲ್ಲದಕ್ಕೂ ಒಂದೇ ಒರಟು ಬಂದುಬಿಡುತ್ತದೆ, ಯಾವುದು 1917ರದು, ಯಾವುದು ನಿನ್ನೆಯದು ಎಂಬ ಗೆರೆ ಅಳಿಸುತ್ತದೆ. ‘ಆರಂಭ’, ‘ನಾವು’ ಚಿತ್ರಗಳ ಮೈ ನೋಡಿದರೆ ಇದು ಗೊತ್ತಾಗುತ್ತದೆ. ಪೆಲೆಶಿಯಾನ್ ಹಳೆಯ ತುಣುಕನ್ನು ದಾಖಲೆ ಎಂದು ಜೋಪಾನ ಮಾಡುವವರಲ್ಲ. ಅದನ್ನು ಮತ್ತೆ ಚಿತ್ರಿಸಿ, ನಿಧಾನಿಸಿ, ನಿಲ್ಲಿಸಿ, ಬೇಕಾದ ಭಾಗವನ್ನಷ್ಟೇ ಹಿಗ್ಗಿಸಿ ತಮ್ಮದನ್ನಾಗಿ ಮಾಡಿಕೊಳ್ಳುತ್ತಾರೆ.

ನಿಧಾನಿಸುವುದಕ್ಕೂ ಲೆಕ್ಕವಿದೆ. ಮೂಕಿ ಕಾಲದಲ್ಲಿ ಸೆಕೆಂಡಿಗೆ 16 ಫ್ರೇಮ್‌ನಲ್ಲಿ ತೆಗೆದದ್ದನ್ನು ಹಾಗೇ 24ರಲ್ಲಿ ಓಡಿಸಿದರೆ ಜನ ಗೊಂಬೆಗಳ ಹಾಗೆ ಕುಣಿಯುತ್ತಾರೆ, ಶವಯಾತ್ರೆಯೂ ನಗೆ ತರಿಸುತ್ತದೆ. ಫಿಲ್ಮನ್ನು ಫ್ರೇಮ್ ಫ್ರೇಮಾಗಿ ಮತ್ತೆ ಚಿತ್ರಿಸುವ ಆಪ್ಟಿಕಲ್ ಪ್ರಿಂಟರ್‌ ಯಂತ್ರದಲ್ಲಿ ಪ್ರತಿ ಎರಡನೇ ಫ್ರೇಮನ್ನು ಎರಡು ಸಲ ಅಚ್ಚು ಹಾಕಿದರೆ 16 ಹೋಗಿ 24 ಆಗುತ್ತದೆ, ನಡಿಗೆ ಸಹಜಕ್ಕೆ ಬರುತ್ತದೆ. 18ರಲ್ಲಿ ತೆಗೆದದ್ದಕ್ಕೆ ಪ್ರತಿ ಮೂರನೆಯದನ್ನು ಎರಡು ಸಲ ಹಾಕಿದರೆ ಸಾಕು. 24ರಲ್ಲಿ ತೆಗೆದದ್ದನ್ನು ಅರ್ಧ ವೇಗಕ್ಕೆ ಇಳಿಸಲು ಎಲ್ಲ ಫ್ರೇಮನ್ನೂ ಎರಡೆರಡು ಸಲ. ಮೂರು ಸಲಕ್ಕೆ ಹೋದರೆ ಸೆಕೆಂಡಿಗೆ ಎಂಟೇ ಬೇರೆ ಚಿತ್ರಗಳು ಉಳಿದು ಚಲನೆ ತಡವರಿಸುತ್ತದೆ. ಈ ತಡವರಿಕೆ ಕೆಲವೊಮ್ಮೆ ಬೇಕಾದದ್ದೇ, ಬೇಡದ ಕಡೆ ಮಾತ್ರ ಯಂತ್ರ ಕೆಟ್ಟಂತೆ ಕಾಣುತ್ತದೆ. ಇವತ್ತಿನ ಸಾಫ್ಟ್‌ವೇರ್‌ಗಳು ಇದೇ ಕೆಲಸಕ್ಕೆ ನಡುವಿನ ಫ್ರೇಮ್‌ಗಳನ್ನು ತಾವೇ ಊಹಿಸಿ ತುಂಬುತ್ತವೆ. ಓಡುವ ಗುಂಪು, ನೊರೆ, ಹಿಮದ ಪುಡಿ ಇರುವಲ್ಲಿ ಆ ಊಹೆ ಸೋಲುತ್ತದೆ. ಕಾಲುಗಳು ಕರಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಥ ಕಡೆ ಹಳೆಯ ಫ್ರೇಮ್ ಪುನರಾವರ್ತನೆಯೇ ವಾಸಿ.

ಶಬ್ದದ ವಿಚಾರದಲ್ಲಿ ಪೆಲೆಶಿಯಾನ್ ಹಟ ಇನ್ನೂ ಜೋರು. ಚಿತ್ರದ ಹಿಂದೆ ಸಂಗೀತ ನುಡಿಸುವುದು ಅವರಿಗೆ ಒಗ್ಗದು. ಚಿತ್ರ ಮತ್ತು ಶಬ್ದ ಬೆರೆತ ಮೇಲೆ ಬೇರ್ಪಡಿಸಲಾಗದ ರಾಸಾಯನಿಕ ವಸ್ತುವಾಗಬೇಕು ಎಂಬುದು ಅವರ ಆಸೆ: ಚಿತ್ರ ಕೇಳಿಸಬೇಕು, ಶಬ್ದ ಕಾಣಿಸಬೇಕು. ‘ಋತುಗಳು’ ವಿವಾಲ್ಡಿಯ ‘ಫೋರ್ ಸೀಸನ್ಸ್’ ಬಳಸುತ್ತದೆ. ಕೇಳಿ ಕೇಳಿ ಸವೆದ ಸಂಗೀತ, ಬೇರೆ ಯಾರ ಕೈಯಲ್ಲಾದರೂ ಸೋಪಿನ ಜಾಹೀರಾತಾಗುವ ಅಪಾಯವಿತ್ತು. ಇಲ್ಲಿ ಪಿಟೀಲಿನ ಓಟ ಇಳಿಜಾರಿನ ಕಾಲುಗಳ ಓಟಕ್ಕೆ ಕೂಡಿಕೊಳ್ಳುತ್ತದೆ, ಅಷ್ಟರಲ್ಲಿ ಸಂಗೀತ ಸರಿದು ಕುರಿಗಳ ಅರಚಾಟ, ನೀರಿನ ಮೊರೆತ ಮುಂದೆ ಬರುತ್ತವೆ. ಚಿತ್ರದಲ್ಲಿರುವ ಬರಹ ಬೆರಳೆಣಿಕೆಯ ಫಲಕಗಳು ಮಾತ್ರ. ಬೇರೆಡೆ ಇದಕ್ಕಿಂತ ಚೆನ್ನಾಗಿದೆ ಎಂದುಕೊಂಡೆಯಾ ಎಂಬರ್ಥದ ಪ್ರಶ್ನೆ ಒಂದರಲ್ಲಿದೆ. ಯಾರು ಯಾರನ್ನು ಕೇಳಿದರು ಎಂಬುದಿಲ್ಲ. ಹೊಲ ಮಾರಿ ಪೇಟೆ ಸೇರುವ ಮಾತು ಮನೆಯಲ್ಲಿ ಎದ್ದಾಗ ನಮ್ಮ ಅಜ್ಜಂದಿರು ಕೇಳುವ ದನಿಯಲ್ಲೇ ಅದು ಕಿವಿಗೆ ಬೀಳುತ್ತದೆ.

ದೂರದ ಮೊಂತಾಜ್ ಅನ್ನು ಸ್ವತಃ ಮಾಡಿ ನೋಡುವವರಿಗೆ ಕೆಲವು ಮಾತು. ಹತ್ತು ಹನ್ನೆರಡು ನಿಮಿಷದ ಚಿತ್ರವೆಂದುಕೊಳ್ಳಿ. ಕಂಬವಾಗಿ ನಿಲ್ಲಬಲ್ಲ ಶಾಟ್‌ಗಳು ಎರಡೋ ಮೂರೋ ಸಾಕು, ಐದಾದರೆ ಯಾವುದೂ ನೆನಪಲ್ಲಿ ಉಳಿಯುವುದಿಲ್ಲ. ಕಂಬದ ಶಾಟ್ ಆರರಿಂದ ಹತ್ತು ಸೆಕೆಂಡ್ ನಿಲ್ಲಲಿ. ಮೂರು ಸೆಕೆಂಡಿಗಿಂತ ಕಡಿಮೆಯಾದರೆ ಮನಸ್ಸಿಗೆ ಇಳಿಯುವುದಿಲ್ಲ. ಒಂದೇ ಮುಖ, ಅಥವಾ ಒಂದೇ ಕೆಲಸ, ಹಿನ್ನೆಲೆ ಸರಳ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಮೊದಲ ಸಲ ಸ್ವಲ್ಪ ಅರ್ಥವಾಗದೆ ಉಳಿಯಬೇಕು. ಪೂರ್ತಿ ಅರ್ಥವಾದ ಶಾಟ್ ಮರಳಿ ಬಂದರೆ ಪ್ರೇಕ್ಷಕ ‘ಇದನ್ನು ನೋಡಿಯಾಯಿತಲ್ಲ’ ಎನ್ನುತ್ತಾನೆ. ತೀರಾ ಬೆರಗಿನ ಶಾಟ್ ಕೂಡ ಬೇಡ. ಬೆಂಕಿಯ ಜ್ವಾಲೆ, ಡ್ರೋನ್‌ನಿಂದ ಕಂಡ ಜಲಪಾತದಂಥವು ಮೊದಲ ಸಲವೇ ತಮ್ಮ ಸಂಬಳ ತೆಗೆದುಕೊಂಡಿರುತ್ತವೆ, ಎರಡನೇ ಸಲಕ್ಕೆ ಕೊಡಲು ಏನೂ ಇರುವುದಿಲ್ಲ.

ಮೊದಲ ಸಲ ಮೌನದಲ್ಲಿ ಅಥವಾ ಒಂದೇ ಸದ್ದಿನೊಂದಿಗೆ ತೋರಿಸಿ. ಎರಡನೇ ಸಲ, ಐದಾರು ನಿಮಿಷ ಕಳೆದ ಮೇಲೆ, ಬೇರೆ ಸದ್ದು. ಒಂದೇ ಸಂಗೀತ ಎರಡೂ ಕಡೆ ಬಂದರೆ ಅದು ಧಾರಾವಾಹಿಯ ಶೀರ್ಷಿಕೆ ಗೀತೆಯಂತಾಗುತ್ತದೆ. ಇದಕ್ಕೂ ಮೀರಿದ ಹೆಜ್ಜೆ, ಪೆಲೆಶಿಯಾನ್ ಇಡುವ ಹೆಜ್ಜೆ, ಏನೆಂದರೆ ಮೂರನೇ ಸಲ ಶಾಟ್ ಇಲ್ಲದೆ ಅದರ ಸದ್ದಷ್ಟೇ ಬರುವುದು. ಇಲ್ಲದ ಚಿತ್ರವನ್ನು ಪ್ರೇಕ್ಷಕನೇ ಕಾಣುತ್ತಾನೆ. ಮೌನ ಎಂದರೆ ಧ್ವನಿಪಟ್ಟಿ ಪೂರ್ತಿ ಖಾಲಿ ಮಾಡುವುದಲ್ಲ. ಚಿತ್ರಮಂದಿರದಲ್ಲಿ ಸೊನ್ನೆ ಸದ್ದು ಬಂದರೆ ಜನ ಸ್ಪೀಕರ್ ಕೆಟ್ಟಿತೆಂದು ಹಿಂದೆ ತಿರುಗಿ ನೋಡುತ್ತಾರೆ. ತೆಗೆದ ಜಾಗದ್ದೇ ಗಾಳಿಯ ಸದ್ದು ಅರ್ಧ ನಿಮಿಷವಾದರೂ ಬೇರೆಯಾಗಿ ದಾಖಲಿಸಿಕೊಂಡಿದ್ದರೆ ಅದನ್ನೇ ಸಣ್ಣಗೆ ಹಾಸಬಹುದು.

ಸೋಲುವುದು ಹೆಚ್ಚಾಗಿ ಎಲ್ಲಿ ಎಂದರೆ ಎಡಿಟಿಂಗ್ ಪರದೆಯ ಮುಂದೆ. ಟೈಮ್‌ಲೈನ್‌ನಲ್ಲಿ ಇಡೀ ಚಿತ್ರ ಒಂದು ಗೇಣಿನಲ್ಲಿ ಕಾಣುತ್ತದೆ. ಮೊದಲ ಶಾಟ್‌ನಿಂದ ಎರಡನೆಯದಕ್ಕೆ ಒಂದು ಕ್ಲಿಕ್‌ನಲ್ಲಿ ಹಾರಿ, ಹೊಂದುತ್ತವೆಯೇ ಎಂದು ನೋಡಿಬಿಡಬಹುದು. ಹಾಗೆ ನೋಡಿದ ಕ್ಷಣಕ್ಕೆ ದೂರವೇ ಹೋಯಿತು, ಮತ್ತೆ ಕುಲೆಶೋವ್‌ನ ಸೂಪಿನ ಬಟ್ಟಲಿಗೇ ಬಂದು ನಿಂತಂತೆ. ಪ್ರತಿ ಸಲವೂ ಮೊದಲಿನಿಂದ ಓಡಿಸಿಯೇ ನೋಡಬೇಕು. ಹನ್ನೆರಡು ನಿಮಿಷದ ಚಿತ್ರಕ್ಕೆ ಒಂದು ಕಟ್ ಸರಿಯೇ ಎಂದು ತಿಳಿಯಲು ಹನ್ನೆರಡು ನಿಮಿಷ ಬೇಕು. ದಿನಕ್ಕೆ ಆರೇಳು ಸಲಕ್ಕಿಂತ ಹೆಚ್ಚು ಆಗದು, ಕಣ್ಣು ಮರಗಟ್ಟುತ್ತದೆ. ಈ ಚಿತ್ರಗಳಿಗೆ ವರ್ಷಗಳೇ ಹಿಡಿಯುವುದರಲ್ಲಿ ವಿಚಿತ್ರವೇನಿಲ್ಲ. ಇನ್ನೊಂದು ಸೋಲು ನಡುವಿನ ಭಾಗದ್ದು. ಕಂಬಗಳ ಮೇಲೆಯೇ ಗಮನವಿಟ್ಟು ಮಧ್ಯದಲ್ಲಿ ಸಿಕ್ಕಿದ್ದನ್ನು ತುಂಬಿದರೆ ಶಾಟ್ ಮರಳಿದಾಗ ಹೊತ್ತು ತರಲು ಏನೂ ಇರುವುದಿಲ್ಲ. ಹುಲ್ಲಿನ ರಾಶಿ ಜಾರುವ ದೃಶ್ಯ ತಾನೇ ತಾನಾಗಿ ನಿಲ್ಲಬಲ್ಲದು, ಹಾಗಾಗಿಯೇ ಅದು ಹೊಳೆಯ ದೃಶ್ಯಕ್ಕೆ ಏನನ್ನಾದರೂ ಕೊಡಬಲ್ಲದು.

ಪೆಲೆಶಿಯಾನ್‌ರನ್ನು ಮೆಚ್ಚುವವರು ಜಾರಿಸಿಬಿಡುವ ಒಂದೆರಡು ಪ್ರಶ್ನೆಗಳಿವೆ. ‘ಋತುಗಳು’ ಚಿತ್ರದ ಹಿಮದ ಜಾರಾಟ ಬೇರೆ ಬೇರೆ ಕೋನಗಳಿಂದ, ಮತ್ತೆ ಮತ್ತೆ ಕಾಣುತ್ತದೆ. ಕ್ಯಾಮೆರಾಕ್ಕಾಗಿ ಮಾಡಿಸಿದ್ದು ಅದರಲ್ಲಿ ಇದೆ ಎಂದು ಕಣ್ಣಿಗೇ ಗೊತ್ತಾಗುತ್ತದೆ. ಇದು ಸಾಕ್ಷ್ಯಚಿತ್ರವೇ? ಆ ಜನರ ಬದುಕಿನಲ್ಲಿ ಇರುವ ಕೆಲಸವನ್ನೇ ಮಾಡಿಸಿದ್ದಾರೆ ಎಂಬ ಸಮರ್ಥನೆ ಒಪ್ಪಬಹುದು, ಕುರಿಯ ಒಪ್ಪಿಗೆ ಯಾರೂ ಕೇಳಿಲ್ಲ. ‘ನಿವಾಸಿಗಳು’ ನೋಡುವಾಗ ಈ ಇರುಸುಮುರುಸು ಹೆಚ್ಚುತ್ತದೆ. ಪ್ರಾಣಿಗಳ ದಿಗಿಲು ಅಲ್ಲಿ ನಟನೆಯಲ್ಲ, ಮನುಷ್ಯ ಹುಟ್ಟಿಸುವ ದಿಗಿಲಿನ ಬಗ್ಗೆಯೇ ಚಿತ್ರ ಇರುವುದರಿಂದ ಕ್ಯಾಮೆರಾ ಹಿಡಿದವನು ಯಾವ ಕಡೆ ನಿಂತಿದ್ದಾನೆ ಎಂದು ಕೇಳದೆ ಇರಲಾಗುವುದಿಲ್ಲ. ಜೊತೆಗೆ, ಇವರ ಮನುಷ್ಯರಿಗೆ ಹೆಸರಿಲ್ಲ. ‘ನಾವು’ ಎಂಬ ಶೀರ್ಷಿಕೆಗೆ ಅದು ಬಲ. ‘ಬದುಕು’ ಚಿತ್ರದಲ್ಲಿ ಹೆರಿಗೆ ನೋವಿನ ಹೆಂಗಸಿನ ಮುಖದ ಮೇಲೆ ವೆರ್ದಿಯ ‘ರೆಕ್ವಿಯೆಮ್’ (ಸತ್ತವರಿಗಾಗಿ ಹಾಡುವ ಪ್ರಾರ್ಥನಾ ಸಂಗೀತ) ಸುರಿಯುವಾಗ ಮಾತ್ರ ಆ ಮುಖ ಒಬ್ಬ ಹೆಂಗಸಿನದಾಗಿ ಉಳಿಯಲು ಹೆಣಗುತ್ತದೆ. ಅವರ ವೃತ್ತಿಯಲ್ಲಿ ಬಣ್ಣದಲ್ಲಿರುವ ಚಿತ್ರ ಅದೊಂದೇ, ಬಣ್ಣವೂ ಸಂಗೀತವೂ ಸೇರಿ ಸ್ವಲ್ಪ ಹೆಚ್ಚೇ ಹೇಳಿದವು ಎಂಬುದು ನನ್ನ ಅನಿಸಿಕೆ. ಅದಕ್ಕಿಂತ ಒಂದು ವರ್ಷ ಮೊದಲಿನ ‘ಅಂತ್ಯ’ ಎಷ್ಟೋ ಮೇಲು. ಮಾಸ್ಕೋದಿಂದ ಯೆರೆವಾನ್‌ಗೆ ಹೋಗುವ ರೈಲಿನ ಡಬ್ಬಿ, ತೂಕಡಿಸುವ, ಕಿಟಕಿಯಾಚೆ ನೋಡುವ, ಸುಮ್ಮನೆ ಕೂತ ಮುಖಗಳು, ಕೊನೆಗೆ ಸುರಂಗದ ಕತ್ತಲು ಮತ್ತು ಎದುರಿಗೆ ಬೆಳೆಯುತ್ತ ಬರುವ ಬಿಳಿ. ಸೋವಿಯತ್ ಒಕ್ಕೂಟ ಮುರಿದ ಮರುವರ್ಷದ ಚಿತ್ರ. ಆ ರೈಲು ಹೊರಟ ಊರು ಮತ್ತು ಸೇರುವ ಊರು ಆಗಷ್ಟೇ ಎರಡು ದೇಶಗಳಾಗಿದ್ದವು. ಚಿತ್ರ ಅದನ್ನು ಎಲ್ಲೂ ಹೇಳುವುದಿಲ್ಲ.

1993ರ ನಂತರ 27 ವರ್ಷ ಹೊಸ ಚಿತ್ರವಿಲ್ಲ. 2005ರಲ್ಲಿ ಪ್ಯಾರಿಸ್‌ನ ಕಾರ್ತಿಯೆ ಕಲಾ ಪ್ರತಿಷ್ಠಾನವೂ ಜರ್ಮನಿಯ ಕಾರ್ಲ್ಸ್‌ರೂಹೆಯ ಕಲೆ ಮತ್ತು ಮಾಧ್ಯಮಗಳ ಕೇಂದ್ರ ಜೆಡ್‌ಕೆಎಂ ಸಂಸ್ಥೆಯೂ ಸೇರಿ ಒಂದು ಚಿತ್ರ ಮಾಡಿಕೊಡಲು ಕೇಳಿದವು. ಅದು ಮುಗಿದು ‘ಪ್ರಕೃತಿ’ ಎಂಬ ಹೆಸರಿನಲ್ಲಿ ಪ್ಯಾರಿಸ್‌ನಲ್ಲಿ ತೆರೆಕಂಡದ್ದು 2020ರಲ್ಲಿ, ಕೊರೋನಾ ಬಾಗಿಲು ಮುಚ್ಚಿಸಿದ ವರ್ಷ. ಒಂದು ಗಂಟೆಗಿಂತ ತುಸು ಹೆಚ್ಚು ಉದ್ದ, ಅವರ ಚಿತ್ರಗಳಲ್ಲೇ ದೊಡ್ಡದು, ಮತ್ತೆ ಕಪ್ಪು-ಬಿಳುಪು. ಜ್ವಾಲಾಮುಖಿ, ಭೂಕಂಪ, ಸುನಾಮಿ. ಬಹುಪಾಲು ಅಂತರ್ಜಾಲದಿಂದ ಆಯ್ದುಕೊಂಡ ತುಣುಕುಗಳು, ಸ್ಥಳದಲ್ಲಿದ್ದ ಸಾಮಾನ್ಯರು ನಡುಗುವ ಕೈಯಲ್ಲಿ ತೆಗೆದವು. 1917ರ ಸುದ್ದಿಚಿತ್ರಕ್ಕೆ ಮಾಡಿದ್ದನ್ನೇ ಇವಕ್ಕೂ ಮಾಡಿದ್ದಾರೆ: ಬಣ್ಣ ತೆಗೆದು, ಒರಟನ್ನು ಒರಟಾಗಿಯೇ ಬಿಟ್ಟು, ತೆಗೆದವನ ಊರು ತಾರೀಖು ಅಳಿಸಿ. ಚೌಕ ಚೌಕವಾಗಿ ಒಡೆಯುವ ಡಿಜಿಟಲ್ ಕಾಳು ಫಿಲ್ಮಿನ ಕಾಳಿನಷ್ಟು ಸುಂದರವಲ್ಲ, ದೊಡ್ಡ ಪರದೆಯಲ್ಲಿ ಕಣ್ಣಿಗೆ ಚುಚ್ಚುತ್ತದೆ. ಆದರೂ ಸಮುದ್ರ ಊರಿನೊಳಕ್ಕೆ ನಡೆದು ಬರುವಾಗ, ಮನೆಗಳು ದೋಣಿಯಂತೆ ತೇಲುವಾಗ, ‘ಋತುಗಳು’ ಚಿತ್ರದ ಹೊಳೆ ನೆನಪಾಗದೆ ಇರುವುದಿಲ್ಲ. ಎರಡರ ನಡುವೆ 45 ವರ್ಷ. 1988ರ ಡಿಸೆಂಬರ್ 7ರ ಭೂಕಂಪದಲ್ಲಿ ಅವರು ಹುಟ್ಟಿದ ಲೆನಿನಾಕಾನ್‌ನ ಬಹುಭಾಗ ನೆಲಸಮವಾದದ್ದೂ ಆ 45 ವರ್ಷಗಳ ಒಳಗೇ ಬರುತ್ತದೆ.

ನೋಡಲು ಹೊರಡುವವರು ‘ಋತುಗಳು’ ಮೊದಲು ನೋಡಿ, ದೀಪ ಆರಿಸಿ, ಹೆಡ್‌ಫೋನ್ ಹಾಕಿಕೊಂಡು, ಒಮ್ಮೆಯೂ ನಿಲ್ಲಿಸದೆ. ಎರಡನೇ ಸಲ ಪಕ್ಕದಲ್ಲಿ ಕಾಗದ ಇಟ್ಟುಕೊಂಡು ಹೊಳೆ ಕಂಡಾಗಲೆಲ್ಲ ನಿಮಿಷ, ಸೆಕೆಂಡ್, ಆ ಹೊತ್ತಿಗೆ ಕೇಳುತ್ತಿದ್ದ ಸದ್ದು, ಮೂರನ್ನೂ ಗುರುತು ಹಾಕಿ. ‘ನಾವು’ ಚಿತ್ರಕ್ಕೆ ಹುಡುಗಿಯ ಮುಖ, ಬೆಟ್ಟ, ಕೈಗಳು, ಮೂರು ಸಾಲು ಎಳೆಯಬೇಕಾಗುತ್ತದೆ. ಅಂತರ್ಜಾಲದಲ್ಲಿ ಸಿಗುವ ಕೆಲವು ಪ್ರತಿಗಳ ವೇಗವೇ ವ್ಯತ್ಯಾಸ. ಟಿವಿಗೆಂದು ಸೆಕೆಂಡಿಗೆ 25 ಫ್ರೇಮ್‌ಗೆ ಏರಿಸಿದ್ದರೆ 29 ನಿಮಿಷದ ಚಿತ್ರ ಒಂದು ನಿಮಿಷಕ್ಕೂ ಹೆಚ್ಚು ಮೊದಲೇ ಮುಗಿದುಹೋಗಿ, ಪಿಟೀಲಿನ ಶ್ರುತಿಯೂ ಮುಕ್ಕಾಲು ಸ್ವರಸ್ಥಾನದಷ್ಟು ಏರಿರುತ್ತದೆ.